ಬೆಳ್ಳುಳ್ಳಿಯ ಗುಣವೂ ದೋಷವೂ

ನಮ್ಮ ಅಜ್ಜಿಯವರು ಧಾರವಾಡದ ಕಡೆಯವರು. ಅವರಿಗೆ ಬೆಳ್ಳುಳ್ಳಿ ಎಂದರೆ ಕೇವಲ ಒಗ್ಗರಣೆಯ ಸಾಮಗ್ರಿಯಲ್ಲ, ಮನೆಯ ವೈದ್ಯ. ಮುಂಬಯಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಜ್ಜನವರು ಪ್ರತಿದಿನ ಬೆಳಿಗ್ಗೆ ಎರಡು ಹಸಿ ಎಸಳುಗಳನ್ನು ಜಜ್ಜಿ ನುಂಗುತ್ತಿದ್ದರು. ಆ ವಾಸನೆಗೆ ನಾವು ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು.

ಕಳೆದ ವರ್ಷ ಅಜ್ಜನವರ ಹಲ್ಲೊಂದನ್ನು ಕೀಳಿಸಬೇಕಾಯಿತು. ಹೃದಯದ ಬೇನೆಗಾಗಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳನ್ನು ಸೇವಿಸುತ್ತಿದ್ದುದನ್ನು ದಂತವೈದ್ಯರಿಗೆ ತಿಳಿಸಿದ್ದೆವು. ಬೆಳ್ಳುಳ್ಳಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ರಾತ್ರಿಯಾದರೂ ರಕ್ತ ನಿಲ್ಲದಿರಲು ಗಾಬರಿಯಿಂದ ಅವರನ್ನು ಮರಳಿ ಕರೆದೊಯ್ದೆವು. ವೈದ್ಯರು ಹೊಲಿಗೆ ಹಾಕಿ, "ಬೇರೆ ಏನಾದರೂ ತೆಗೆದುಕೊಳ್ಳುತ್ತಾರೆಯೆ?" ಎಂದು ಕೇಳಿದರು.

"ದಿನಾ ಮುಂಜಾನೆ ಬಳ್ಳೊಳ್ಳಿ ನುಂಗ್ತಾರ್ರೀ," ಎಂದರು ಅಜ್ಜಿ ಮೆಲ್ಲಗೆ.

"ಮುಖ್ಯ ಕಾರಣ ಗುಳಿಗೆಯೇ ಇರಬಹುದು. ಆದರೆ ಅದರೊಡನೆ ಇದೂ ಸೇರಿರಬಹುದು. ಮೊದಲೇ ಹೇಳಬೇಕಿತ್ತು," ಎಂದರು ವೈದ್ಯರು.

ಅಂದಿನಿಂದ ಬೆಳ್ಳುಳ್ಳಿಯ ವಿಷಯವನ್ನು ತಿಳಿಯುವ ಹಂಬಲ ನಮ್ಮಲ್ಲಿ ಹುಟ್ಟಿತು. ಇಡಿಯ ಎಸಳಿಗೆ ಅಷ್ಟಾಗಿ ವಾಸನೆಯಿಲ್ಲ. ಅದರೊಳಗೆ ಅಲಿಯಿನ್ ಎಂಬ ದ್ರವ್ಯವೂ ಅಲಿಯಿನೇಸ್ ಎಂಬ ಕಿಣ್ವವೂ ಬೇರೆಬೇರೆಯಾಗಿ ಇರುತ್ತವೆ. ಜಜ್ಜಿದಾಗ ಅವೆರಡೂ ಕೂಡಿ, ಘಾಟು ವಾಸನೆಯ ಅಲಿಸಿನ್ ಹುಟ್ಟುತ್ತದೆ. ಇದನ್ನು ೧೯೪೪ರಲ್ಲಿ ಅಮೇರಿಕೆಯ ಕ್ಯಾವಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು ಪ್ರತ್ಯೇಕಿಸಿ, ಅದಕ್ಕೆ ರೋಗಾಣುಗಳನ್ನು ತಡೆಯುವ ಶಕ್ತಿಯಿರುವುದನ್ನು ತೋರಿಸಿದರು. ಇಡಿಯ ಎಸಳನ್ನು ಬೇಯಿಸಿದರೆ ಕಿಣ್ವವು ನಾಶವಾಗುವುದರಿಂದ ಆ ಘಾಟು ಹುಟ್ಟುವುದಿಲ್ಲ. ಅಲಿಸಿನ್‌ನಿಂದ ಉಂಟಾಗುವ ಅಜೋಯಿನ್ ಎಂಬ ದ್ರವ್ಯವು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತದೆ. ಬೆಳ್ಳುಳ್ಳಿಯ ಸೇವನೆಯಿಂದ ರಕ್ತದೊತ್ತಡವು ತುಸು ಇಳಿಯುವುದೆಂದು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅದು ವೈದ್ಯರು ಕೊಟ್ಟ ಗುಳಿಗೆಗೆ ಬದಲಿಯಾಗಲಾರದು. ಹಸಿ ಬೆಳ್ಳುಳ್ಳಿಯನ್ನು ಅರೆದು ಚರ್ಮಕ್ಕೆ ಕಟ್ಟಿದರೆ ಸುಟ್ಟಂತೆ ಬೊಕ್ಕೆಗಳೂ ಏಳಬಹುದು.

ಸಂಸ್ಕೃತದಲ್ಲಿ ಬೆಳ್ಳುಳ್ಳಿಗೆ 'ರಸೋನ' ಎಂಬ ಹೆಸರುಂಟು. ಆರು ರಸಗಳಲ್ಲಿ ಹುಳಿಯೊಂದು ಮಾತ್ರ ಇದರಲ್ಲಿ ಊನವೆಂದು ಹಿರಿಯರು ಅದರ ಅರ್ಥವನ್ನು ಹೇಳುತ್ತಾರೆ. ಇಷ್ಟು ಗುಣವುಳ್ಳ ವಸ್ತುವಿನಲ್ಲಿಯೂ ಒಂದು ಕೊರತೆಯನ್ನು ಗುರುತಿಸಿ, ಅದನ್ನೇ ಹೆಸರಾಗಿ ಇಟ್ಟ ಅವರ ವಿವೇಕವು ನಮಗೆ ಮೆಚ್ಚುಗೆಯಾಯಿತು.

ಈಗ ಅಜ್ಜನವರು ಹಸಿ ಎಸಳನ್ನು ನುಂಗುವುದಿಲ್ಲ. ಸಾರಿನ ಒಗ್ಗರಣೆಯಲ್ಲಿ ಮಾತ್ರ ಬೆಳ್ಳುಳ್ಳಿ ಎಂದಿನಂತೆ ಘಮಘಮಿಸುತ್ತದೆ. ಮಿತ್ರರೇ, ನಿಮ್ಮ ಮನೆಯ ಹಿರಿಯರೊಡನೆ ವೈದ್ಯರಲ್ಲಿಗೆ ಹೋದಾಗ, ಅಡುಗೆಮನೆಯ ಔಷಧಗಳ ಹೆಸರನ್ನೂ ತಪ್ಪದೆ ಹೇಳಿರಿ. ಮೂಗು ಮುಚ್ಚಿ ನಕ್ಕ ನಾವು ಅಂದು ಬಾಯಿಯನ್ನೂ ಮುಚ್ಚಿಕೊಂಡಿದ್ದೆವೆಂಬ ಅಳಲು ನಮಗೆ ಇನ್ನೂ ಉಳಿದಿದೆ.