ಎರಡು ದಿನದ ಮಾತ್ರೆ, ಆರು ವಾರದ ಮಾತ್ರೆ

ನಾಯಕನಹಟ್ಟಿಯಂಥ ಊರಿನಲ್ಲಿ ಜ್ವರವೆಂದು ಮಲಗಿದರೆ ಅಂದಿನ ದುಡಿಮೆ ಹೋದಂತೆಯೇ. ಶೇಂಗಾ ಕೀಳುವ ಕಾಲವಿರಲಿ, ಕುರಿ ಸಂತೆಯಿರಲಿ, ಮೈ ಬಿಸಿಯಾಯಿತೆಂದು ಯಾವುದೂ ನಮಗಾಗಿ ಕಾಯುವುದಿಲ್ಲ. ಹಾಗಾಗಿ ವೈದ್ಯರ ಬಳಿಗೆ ಹೋಗುವ ಮೊದಲೇ ಮೆಡಿಕಲ್ ಶಾಪಿನ ಮುಂದೆ ನಿಂತು “ಜ್ವರಕ್ಕೆ ಎರಡು ದಿನದ್ದು ಕೊಡ್ರಿ” ಎನ್ನುವುದು ಎಲ್ಲರಿಗೂ ಪರಿಚಿತವಾದ ಮಾತು. ಕಾಗದದ ಪೊಟ್ಟಣದಲ್ಲಿ ಒಂದು ಬಿಳಿ ಮಾತ್ರೆ, ಒಂದು ಹಳದಿ ಮಾತ್ರೆ, ಒಂದು ಕ್ಯಾಪ್ಸೂಲ್ ಸಿಗುತ್ತವೆ. ಯಾವುದು ಏತಕ್ಕೆಂದು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಆ ಪೊಟ್ಟಣದಲ್ಲಿ ಅನೇಕ ಬಾರಿ ಇರುವ ಆ್ಯಂಟಿಬಯಾಟಿಕ್ ಬಗ್ಗೆಯೇ ನಾವು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಮ್ಮ ಚಾಚಾ ಕುರಿ ವ್ಯಾಪಾರಿ. 2023ರ ಕೊನೆಯಲ್ಲಿ ಅವರಿಗೆ ಜ್ವರ ಶುರುವಾಯಿತು. ಸಂಜೆಯಾದರೆ ಮೈ ಕಾಯುವುದು, ರಾತ್ರಿ ಬೆವರಿನಿಂದ ಹಾಸಿಗೆ ಒದ್ದೆಯಾಗುವುದು, ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆಂಬಂತಿರುವುದು. ಸೊಂಟ, ಮಂಡಿಗಳಲ್ಲಿ ನೋವು ಮಾತ್ರ ಬಿಡಲಿಲ್ಲ. ಎರಡು ದಿನದ ಮಾತ್ರೆ ನುಂಗಿದರೆ ಜ್ವರ ಇಳಿಯುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಬರುತ್ತಿತ್ತು. ಹೀಗೆ ಎರಡು ತಿಂಗಳು ಕಳೆದು ಮನುಷ್ಯ ಅರ್ಧವಾಗಿ ಹೋದರು. ಕೊನೆಗೆ ಚಿತ್ರದುರ್ಗದ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ಬೇರೆಯಾಗಿತ್ತು: “ಸಾಹೇಬ್ರೆ, ನಿಮ್ಮ ಕಸುಬೇನು? ಇತ್ತೀಚೆಗೆ ಕಂದು ಹಾಕಿದ ಕುರಿಯನ್ನೇನಾದರೂ ಮುಟ್ಟಿದ್ರಾ?” ಚಾಚಾ ಮುಟ್ಟಿದ್ದರು. ರಕ್ತ ಪರೀಕ್ಷೆಯಾಯಿತು. ಬಂದದ್ದು ಬ್ರುಸೆಲ್ಲೋಸಿಸ್.

ಕುರಿ, ಮೇಕೆ, ದನಗಳಿಂದ ಮನುಷ್ಯನಿಗೆ ಬರುವ ಬ್ಯಾಕ್ಟೀರಿಯಾ ರೋಗವಿದು. ಕಂದು ಹಾಕಿದ ಪ್ರಾಣಿಯ ಮಾಸು, ರಕ್ತ ಮುಟ್ಟುವುದರಿಂದ, ಕಾಯಿಸದ ಹಾಲು ಕುಡಿಯುವುದರಿಂದ ಅಂಟುತ್ತದೆ. ಈ ರೋಗಾಣು ದೇಹದ ಜೀವಕೋಶಗಳ ಒಳಗೇ ಅಡಗಿ ಕೂರುವುದರಿಂದ ಎರಡು ದಿನದ ಔಷಧಿಗೆ ಅದು ಜಗ್ಗುವುದಿಲ್ಲ. ವೈದ್ಯರು ಬರೆದುಕೊಟ್ಟದ್ದು ಎರಡು ಔಷಧಿ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, ರಿಫಾಂಪಿಸಿನ್ ದಿನಕ್ಕೊಮ್ಮೆ. ಒಟ್ಟು ಆರು ವಾರ.

ಅಂದು ಆ ವೈದ್ಯರು ಚೀಟಿ ಬರೆಯುವುದಕ್ಕಿಂತ ಮಾತಾಡುವುದಕ್ಕೇ ಹೆಚ್ಚು ಹೊತ್ತು ತೆಗೆದುಕೊಂಡರು. ಮನೆಯಲ್ಲಿ ಚಾಚಾ ತಿನ್ನುತ್ತಿದ್ದ ಎಲ್ಲ ಮಾತ್ರೆಗಳನ್ನೂ ತರಿಸಿ ನೋಡಿದರು. ರಿಫಾಂಪಿಸಿನ್ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ, ಆದ್ದರಿಂದ ಆಗಾಗ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು ಎಂದರು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ತಕ್ಷಣ ಬನ್ನಿ. ಡಾಕ್ಸಿಸೈಕ್ಲಿನ್ ಅನ್ನು ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಿ. ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಆಮ್ಲಪಿತ್ತದ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಅದರ ಜೊತೆಯಲ್ಲೇ ತೆಗೆದುಕೊಳ್ಳಬೇಡಿ. ಇದನ್ನು ತಿನ್ನುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತಲೆಗೆ ರುಮಾಲು, ತುಂಬು ತೋಳಿನ ಅಂಗಿ ಇರಲಿ. ಚಳ್ಳಕೆರೆಯ ಮಾರ್ಚ್ ಬಿಸಿಲನ್ನು ಬಲ್ಲವರಿಗೆ ಈ ಕೊನೆಯ ಮಾತಿನ ಬೆಲೆ ತಿಳಿಯುತ್ತದೆ.

ಮೊದಲ ಹತ್ತು ದಿನ ಯಾರೂ ನೆನಪಿಸಬೇಕಾಗಲಿಲ್ಲ. ಜ್ವರ ಬಿಟ್ಟ ಮೇಲೆ ಕಷ್ಟ ಶುರುವಾಯಿತು. “ನಾನೀಗ ಕಲ್ಲುಗುಂಡಿನಂತಿದ್ದೇನೆ, ಇನ್ನೇಕೆ ಮಾತ್ರೆ?” ಎನ್ನುವುದು ಚಾಚಾರ ವಾದ. ಚಾಚಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆರಡು ಗೀಟು ಎಳೆಯುತ್ತಾ ಬಂದರು. ಗೀಟಿಲ್ಲದ ಹೊತ್ತಿಗೆ ಊಟವಿಲ್ಲ ಎಂಬುದು ಅವರ ಕಾನೂನು.

ನಡುವೆ 2024ರ ಮಾರ್ಚ್‌ನಲ್ಲಿ ರಂಜಾನ್ ಬಂತು. ರೋಗಿಗೆ ಉಪವಾಸದಿಂದ ವಿನಾಯಿತಿಯಿದೆ, ಬಿಟ್ಟುಹೋದದ್ದನ್ನು ಬೇರೆ ದಿನಗಳಲ್ಲಿ ಪೂರೈಸಬಹುದು ಎಂಬುದು ನಮಗೆಲ್ಲ ತಿಳಿದ ಮಾತೇ. ಆದರೂ ಹಿರಿಯರು ಕೇಳಬೇಕಲ್ಲ. ಮತ್ತೆ ವೈದ್ಯರ ಬಳಿಗೇ ಹೋದೆವು. ಜ್ವರ ಬಿಟ್ಟಿದೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಪರೀಕ್ಷಿಸಿದ ಮೇಲೆ ಅವರು ಸಮಯ ಬದಲಿಸಿಕೊಟ್ಟರು. ಸೆಹ್ರಿಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ರಿಫಾಂಪಿಸಿನ್, ಅರ್ಧ ಗಂಟೆಯ ನಂತರ ಊಟ, ಊಟದ ಜೊತೆ ಒಂದು ಡಾಕ್ಸಿಸೈಕ್ಲಿನ್. ಇನ್ನೊಂದು ಇಫ್ತಾರಿನ ನಂತರ. ತಲೆ ಸುತ್ತಿದರೆ, ಕೈಕಾಲು ನಡುಗಿದರೆ ಉಪವಾಸ ಮುರಿಯಬೇಕೆಂದೂ ಹೇಳಿದರು. ಇದು ಚಾಚಾರ ದೇಹ ನೋಡಿ ಹೇಳಿದ್ದು. ದಿನಕ್ಕೆ ಮೂರು ಬಾರಿ ತಿನ್ನಬೇಕಾದ ಮಾತ್ರೆಯನ್ನು ನಾವೇ ಎರಡಕ್ಕಿಳಿಸುವುದು, ಮೂರನ್ನೂ ಇಫ್ತಾರ್ ಮತ್ತು ಸೆಹ್ರಿಯ ನಡುವೆ ತುರುಕುವುದು ಸಲ್ಲದು. ಉಪವಾಸ ಹಿಡಿಯುವ ಮನಸ್ಸಿದೆ ಎಂದು ಮೊದಲೇ ಹೇಳಿದರೆ, ದಿನಕ್ಕೆ ಒಂದೋ ಎರಡೋ ಬಾರಿಯ ಔಷಧಿ ಸಾಧ್ಯವೇ ಎಂದು ವೈದ್ಯರೇ ನೋಡುತ್ತಾರೆ.

ಜ್ವರ ಬಿಟ್ಟ ಮೇಲೂ ಮಾತ್ರೆ ಏಕೆ? ದೇಹದಲ್ಲಿ ಕೋಟಿಗಟ್ಟಲೆ ರೋಗಾಣುಗಳಿದ್ದರೆ ಎಲ್ಲವೂ ಒಂದೇ ಬಲದವಲ್ಲ. ಔಷಧಿಗೆ ಬೇಗ ಸಾಯುವಂಥವು ಮೊದಲು ಸಾಯುತ್ತವೆ, ಅಷ್ಟಕ್ಕೇ ನಮಗೆ ಹಗುರವೆನಿಸುತ್ತದೆ. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳಲ್ಲಿ ಆಗಲೇ ನಿಲ್ಲಿಸಿದರೆ ಉಳಿದವು ಮತ್ತೆ ತಲೆಯೆತ್ತುತ್ತವೆ. ಹಾಗೆಂದು ಎಲ್ಲ ಸೋಂಕಿಗೂ ಉದ್ದನೆಯ ಚಿಕಿತ್ಸೆ ಬೇಕಿಲ್ಲ. ಎಷ್ಟೋ ಸಾಮಾನ್ಯ ಸೋಂಕುಗಳಿಗೆ ಈಗ ಮೂರು ದಿನ, ಐದು ದಿನ ಸಾಕೆಂದು ವೈದ್ಯರು ಬರೆಯುತ್ತಾರೆ. ಅಗತ್ಯಕ್ಕಿಂತ ಹೆಚ್ಚು ದಿನ ತಿಂದರೆ ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಪಳಗುತ್ತವೆ. ಆದ್ದರಿಂದ ನಿಯಮ ಸರಳ: ಬರೆದಷ್ಟು ದಿನ, ಕಡಿಮೆಯೂ ಬೇಡ, ಹೆಚ್ಚೂ ಬೇಡ. ಬದಲಿಸಬೇಕೆನಿಸಿದರೆ ಬರೆದವರನ್ನೇ ಕೇಳಬೇಕು.

ನೆಗಡಿ, ಫ್ಲೂ, ಡೆಂಗ್ಯೂ, ಚಿಕೂನ್‌ಗುನ್ಯ ಇವೆಲ್ಲ ವೈರಸ್ಸಿನಿಂದ ಬರುವ ರೋಗಗಳು. ಇವುಗಳ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ವಾಂತಿಭೇದಿಗೂ ಮೊದಲ ಔಷಧಿ ಓಆರ್‌ಎಸ್ ನೀರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಜೀವ ಕಳೆದುಕೊಂಡದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಒಣಗುವ ದೇಹಕ್ಕೆ ನೀರು ತುಂಬುವುದು, ಆಸ್ಪತ್ರೆಗೆ ಓಡುವುದು ಮುಖ್ಯ. ಆ್ಯಂಟಿಬಯಾಟಿಕ್ ಬೇಕೇ ಎಂಬುದು ವೈದ್ಯರ ತೀರ್ಮಾನ.

ಚೀಟಿ ಕೈಗೆ ಬಂದ ಮೇಲೆ ನೆನಪಿಡಬೇಕಾದವು ಕೆಲವಿವೆ. ಹಿಂದೆ ಪೆನಿಸಿಲಿನ್ ಅಥವಾ ಬೇರಾವುದೇ ಔಷಧಿಯಿಂದ ಮೈ ದದ್ದೆದ್ದಿದ್ದರೆ, ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿದ್ದರೆ ಮೊದಲೇ ಹೇಳಬೇಕು. ಊಟದ ಮೊದಲೋ ನಂತರವೋ ಎಂದು ಕೇಳಿಕೊಳ್ಳಬೇಕು. ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆಯನ್ನು ಹಾಲು, ಮೊಸರಿನೊಂದಿಗೆ ನುಂಗಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ, ಒಟ್ಟಿಗೆ ಎರಡು ನುಂಗಬೇಡಿ. ಮಕ್ಕಳ ಪುಡಿ ಔಷಧಿಗೆ ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ, ಪ್ರತಿ ಸಲ ಅಲುಗಾಡಿಸಿ, ಅದರ ಅಳತೆಯ ಮುಚ್ಚಳದಲ್ಲೇ ಕೊಡಬೇಕು. ಕೆಲವನ್ನು ಕಲಸಿದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಅದನ್ನು ಹೇಳಲು ಸಂಕೋಚ ಬೇಡ. ಸ್ವಲ್ಪ ಹೊಟ್ಟೆ ತೊಳಸುವುದು, ತುಸು ಭೇದಿ ಸಾಮಾನ್ಯ. ಮುಖ, ತುಟಿ ಊದಿದರೆ, ಉಸಿರು ಕಟ್ಟಿದರೆ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಭೇದಿಯಲ್ಲಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲಿ ಒಂದು ಕಲ್ಪಿತ ಕಥೆ ಹೇಳಿದ್ದರು. ಗಂಟಲು ನೋವಿನವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಪಳಗಿದ ರೋಗಾಣು ಹೆಂಡತಿಗೆ ಅಂಟುತ್ತದೆ, ಅವಳಿಗೆ ಪೆನಿಸಿಲಿನ್ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಕಥೆ ನಿಜವಾಗಲು ಬಹಳ ಕಾಲ ಬೇಕಾಗಲಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಿಗಳನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಮಾರಿದ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿಯ ಮೇಲೆ ಮಾತ್ರ ಸಿಗಬೇಕಾದ ಔಷಧಿ. ಆದರೆ ಕೊಳ್ಳುವವರ ಅವಸರಕ್ಕೂ ಮಾರುವವರ ಅನುಕೂಲಕ್ಕೂ ಹೊಂದಾಣಿಕೆಯಾದಾಗ ಕೆಂಪು ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಯಕನಹಟ್ಟಿಯವರಿಗೆ ಕೆರೆಯ ಬೆಲೆ ಹೇಳಿಕೊಡಬೇಕಿಲ್ಲ. ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರೆಂದೇ ತಿಪ್ಪೇರುದ್ರಸ್ವಾಮಿಗಳನ್ನು ಜಾತಿಮತ ನೋಡದೆ ಊರು ನೆನೆಯುತ್ತದೆ. ಕೆರೆಯ ನೀರು ಒಬ್ಬನದಲ್ಲ. ತೂಬನ್ನು ಮನಸ್ಸಿಗೆ ಬಂದಾಗ ಎತ್ತಿದವನ ಹೊಲ ಅಂದು ನೆನೆಯಬಹುದು, ಬೇಸಿಗೆಯಲ್ಲಿ ಒಣಗುವುದು ಎಲ್ಲರ ಗಂಟಲು. ಆ್ಯಂಟಿಬಯಾಟಿಕ್ ಕೂಡ ಹಾಗೆಯೇ ಊರಿನ ಆಸ್ತಿ. ಇಂದು ನೆಗಡಿಗೆ ಹಾಳಾದ ಮಾತ್ರೆ, ನಾಳೆ ಬಾಣಂತಿಯ ಸೋಂಕಿಗೆ, ಎಳೆಗೂಸಿನ ನ್ಯುಮೋನಿಯಾಕ್ಕೆ ಬೇಕಾದಾಗ ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ಉಳಿದ ಮಾತ್ರೆಯನ್ನು ಗೂಡಿನಲ್ಲಿ ಕೂಡಿಡಬೇಡಿ, ಪಕ್ಕದ ಮನೆಗೆ ಪ್ರೀತಿಯಿಂದಲೂ ಕೊಡಬೇಡಿ. ನೆರೆಯವರಿಗೆ ಜ್ವರ ಬಂದರೆ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ಬನ್ನಿ. ನೆರೆಹೊರೆಯ ಹಕ್ಕು ತೀರುವುದು ಹಾಗೆ.