ಐವತ್ತಾರೂ ಕಾಲು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಫಾರ್ಮುಲಾ ಎಂದರೆ ನನಗೆ ಎ ಪ್ಲಸ್ ಬಿ ಹೋಲ್ ಸ್ಕ್ವೇರ್. ಹಾಗಾಗಿ ಮಕ್ಕಳ ಡಾಕ್ಟರು ಚೀಟಿಯಲ್ಲಿ ಏನೋ ಗೀಚುತ್ತಾ "ಫಾರ್ಮುಲಾ ಶುರು ಮಾಡಿಬಿಡಿ" ಎಂದಾಗ ಅರೆಗಳಿಗೆ ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು, ಡಬ್ಬಿ ಹಾಲು. ನಮ್ಮ ಕಾಲದಲ್ಲಿ ಅದನ್ನು ಹಾಗೇ ಕರೆಯುತ್ತಿದ್ದೆವು.

ಮೊಮ್ಮಗಳು ಹುಟ್ಟಿದಾಗ 2.7 ಕಿಲೋ ಇದ್ದಳು. ಮೊದಲ ಕೆಲವು ದಿನ ಮಕ್ಕಳು ಒಂದಿಷ್ಟು ತೂಕ ಕಳೆದುಕೊಳ್ಳುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದರೆ ಆಯಿತು. ಇವಳು ಹದಿನೈದನೆಯ ದಿನವೂ 2.55ರಲ್ಲೇ ಕೂತಿದ್ದಳು. ಬಾಣಂತನದ ಶಾಸ್ತ್ರದಲ್ಲಿ ನಾನೇನೂ ಕಡಿಮೆ ಮಾಡಿರಲಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಕೊನೆಗೆ ಗ್ರಂದಿಗೆ ಅಂಗಡಿಯಿಂದ ಶತಾವರಿ. ಅದಕ್ಕೆ ನಮ್ಮ ಜನ ಇಟ್ಟ ಹೆಸರು ಹಲವು ಮಕ್ಕಳ ತಾಯಿ ಬೇರು. ಒಂದು ಮಗುವಿಗೇ ಹಾಲು ಸಾಲದೆ ಕಣ್ಣೀರಿಡುತ್ತಿದ್ದ ಮಗಳ ಮುಂದೆ ಆ ಹೆಸರು ಎತ್ತಲು ನನಗೆ ಬಾಯಿ ಬರಲಿಲ್ಲ. ಕಷಾಯ ಎಂದಷ್ಟೇ ಹೇಳಿ ಕುಡಿಸಿದೆ.

ಮೊದಲು ಎದೆಹಾಲಿನ ಬೆನ್ನಿಗೆ ಸ್ವಲ್ಪ ಸ್ವಲ್ಪ ಡಬ್ಬಿ ಹಾಲು ಕೊಟ್ಟೆವು. ಮಗು ಎದೆ ಚೀಪುವುದು ಕಡಿಮೆಯಾದಷ್ಟೂ ಎದೆಯಲ್ಲಿ ಹಾಲು ಉತ್ಪತ್ತಿಯಾಗುವುದೂ ಕಡಿಮೆ. ಇದು ಗೊತ್ತಿದ್ದೂ ತಡೆಯಲಾಗಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಮಗುವಿನ ಹೊಟ್ಟೆ ಬಹುಪಾಲು ಡಬ್ಬಿಯ ಮೇಲೇ ನಿಂತಿತ್ತು. ತೂಕವೂ ಮೂರು ಕಿಲೋ ಮುಟ್ಟಿತ್ತು. ಅವತ್ತು ಡಾಕ್ಟರನ್ನು ಕೇಳಿದೆ: "ಇನ್ನು ಎಷ್ಟು ಕೊಡಬೇಕು?"

"ಕಿಲೋಗೆ ದಿನಕ್ಕೆ 150 ಎಂಎಲ್ ಲೆಕ್ಕ. ಕೆಲವು ಮಕ್ಕಳು ಇನ್ನೂ ಹೆಚ್ಚು ಕುಡಿಯುತ್ತವೆ" ಎಂದರು.

ಲೆಕ್ಕ! ಎಷ್ಟೋ ದಿನದ ಮೇಲೆ ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕಿದಂತಾಯಿತು. ಮನೆಗೆ ಬಂದವಳೇ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಅಂಕಣ ಎಳೆದೆ. ಮೂರು ಕಿಲೋಗೆ 450 ಎಂಎಲ್. ದಿನಕ್ಕೆ ಎಂಟು ಸಲ. ಭಾಗಿಸಿದರೆ ಒಂದು ಸಲಕ್ಕೆ ಐವತ್ತಾರೂ ಕಾಲು ಎಂಎಲ್. ನಾವು ತಂದ ಡಬ್ಬಿಯ ಪ್ರಕಾರ ಒಂದು ಅಳತೆ ಚಮಚ ಪುಡಿಗೆ 30 ಎಂಎಲ್ ನೀರು. ಎರಡು ಚಮಚಕ್ಕೆ 60. ಅಂದರೆ ಒಂದು ಸಲಕ್ಕೆ ಮೂರೂ ಮುಕ್ಕಾಲು ಎಂಎಲ್ ಹೆಚ್ಚುವರಿ, ಎಂಟು ಸಲಕ್ಕೆ ಸರಿಯಾಗಿ ಮೂವತ್ತು. ಲೆಕ್ಕ ಇಷ್ಟು ಚೊಕ್ಕವಾಗಿ ಕೂತದ್ದು ಕಂಡು ಮಗುವನ್ನೇ ಮರೆತು ಹಿಗ್ಗಿದೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೊಡಬಹುದಾದ ಪ್ರಶ್ನೆ.

ಆಮೇಲೆ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. 60 ಎಂಎಲ್ ನೀರಿಗೆ ಎರಡು ಚಮಚ ಪುಡಿ ಬಿದ್ದ ಮೇಲೆ ಬಾಟಲಿಯ ಮಟ್ಟ 60ನ್ನು ದಾಟುತ್ತದೆ. ಪುಡಿಗೂ ಗಾತ್ರ ಇದೆಯಲ್ಲ! ಅದಕ್ಕೇ ಮೊದಲು ನೀರು ಅಳೆಯಬೇಕು, ಪುಡಿ ಆಮೇಲೆ. ಪುಡಿ ಹಾಕಿಕೊಂಡು ಗೆರೆಯವರೆಗೆ ನೀರು ತುಂಬಿದರೆ ಹಾಲು ಗಟ್ಟಿಯಾಗಿಬಿಡುತ್ತದೆ. ಇದನ್ನು ಮಗಳಿಗೆ ಅರ್ಧ ಗಂಟೆ ವಿವರಿಸಿದೆ. ಅವಳು ನಡುವೆಯೇ ನಿದ್ದೆ ಹೋದಳು, ನನ್ನ ವಿದ್ಯಾರ್ಥಿಗಳ ಹಾಗೆ.

ಬಾಕಿ ಎಲ್ಲವೂ ಕಲಿಯುವಂಥದ್ದೇ. ನೀರು ಕುದಿಸಿ, ಅದು 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆ ಪುಡಿ ಬೆರೆಸಬೇಕು. ನೀರು ಚೊಕ್ಕಟವಾಗಿದ್ದರೂ ಪುಡಿಯಲ್ಲೇ ಕೆಲವೊಮ್ಮೆ ಸೂಕ್ಷ್ಮಜೀವಿ ಇರುತ್ತದೆ, ಎಳೆಗೂಸಿಗೆ ಅದು ಮಾರಕವಾಗಬಹುದು. ಬೆರೆಸಿದ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ, ಆಮೇಲೆ ಕೊಡುವುದು. ಇಷ್ಟೆಲ್ಲ ಆಗುವಷ್ಟರಲ್ಲಿ ಮಗು ಮನೆ ಮುಳುಗಿದ ಹಾಗೆ ಅಳುತ್ತಿರುತ್ತದೆ.

ತಾಪತ್ರಯ ಶುರುವಾದದ್ದು ಮಗು ನನ್ನ ಅಂಕಣಗಳನ್ನು ಒಪ್ಪದೆ ಹೋದಾಗ. ಬೆಳಿಗ್ಗೆ ಆರಕ್ಕೆ 70 ಕುಡಿದು ಇನ್ನೂ ಬಾಯಿ ತೆರೆಯುವಳು. ಒಂಬತ್ತಕ್ಕೆ 35ಕ್ಕೇ ತುಟಿ ಬಿಗಿಯುವಳು. ಒಂದು ಮಧ್ಯಾಹ್ನ 45ಕ್ಕೆ ಮುಖ ತಿರುಗಿಸಿದಳು. ಬಾಟಲಿಯಲ್ಲಿ ಇನ್ನೂ 15 ಉಳಿದಿತ್ತು. ನಿಪ್ಪಲ್ಲನ್ನು ಅಲುಗಾಡಿಸಿದೆ, ಗಲ್ಲ ತಟ್ಟಿದೆ, ಅಂಗಾಲಿಗೆ ಕಚಗುಳಿ ಇಟ್ಟೆ. ಅಂತೂ ಇಂತೂ ಮುಗಿಸಿದಳು. ಗೆದ್ದೆನೆಂದು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದೆ. ತೇಗಿನ ಜೊತೆಗೇ ಕುಡಿದದ್ದೆಲ್ಲ ಹೊರಬಂದು ನನ್ನ ಸೆರಗು, ಮೇಜು, ತೆರೆದಿಟ್ಟ ನೋಟ್‌ಬುಕ್ಕಿನ ಮೇಲೆ ಹರಿಯಿತು. ನಗಬೇಡಿ, ಆಗ ನನ್ನ ತಲೆಗೆ ಬಂದ ಮೊದಲ ಪ್ರಶ್ನೆ ಇದನ್ನು ಹೇಗೆ ಬರೆದುಕೊಳ್ಳುವುದು ಎಂಬುದು. ಒಳಗೆ ಹೋದದ್ದು 60, ಹೊರಗೆ ಬಂದದ್ದು? ಕಳೆಯುವ ಚಿಹ್ನೆ ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದೆ. ಮಗಳು ಹಾಸಿಗೆಯಿಂದಲೇ, "ಅಮ್ಮಾ, ಅದು ಮಗು. ಉತ್ತರ ಪತ್ರಿಕೆ ಅಲ್ಲ" ಎಂದಳು.

ಮುಂದಿನ ಭೇಟಿಯಲ್ಲಿ ಡಾಕ್ಟರು ನನ್ನ ನೋಟ್‌ಬುಕ್ ತಿರುವಿ ನೋಡಿ ನಕ್ಕರು. "ಈ 150 ಇದೆಯಲ್ಲ ಮೇಡಂ, ಅದು ಇಡೀ ದಿನದ ಅಂದಾಜು. ಒಂದೊಂದು ಸಲದ ಆಜ್ಞೆ ಅಲ್ಲ. ಬಾಟಲಿ ನೋಡಬೇಡಿ, ಬಟ್ಟೆ ನೋಡಿ" ಎಂದರು. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ, ವಾರ ವಾರ ತೂಕ ಏರುತ್ತಿದ್ದರೆ ಮಗುವಿಗೆ ಸಾಕಾಗುತ್ತಿದೆ ಎಂದೇ ಅರ್ಥ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಒಳ್ಳೆಯ ಏರಿಕೆ. ಹಸಿವಾದ ಮಗು ಅಳುವುದಕ್ಕೆ ಎಷ್ಟೋ ಮುಂಚೆಯೇ ಹೇಳುತ್ತದಂತೆ: ಮುಷ್ಟಿ ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಏನು ತಾಗಿದರೂ ಅತ್ತ ಬಾಯಿ ತಿರುಗಿಸುತ್ತದೆ. ಅಳು ಕೊನೆಯ ಘಟ್ಟ. ಅಳುವ ಮಗುವಿಗೇ ಹಾಲು ಎಂಬ ಮಾತನ್ನು ಕೇಳಿ ಬೆಳೆದ ನನಗೆ ಇದು ಹೊಸದು.

ನನ್ನ ಅಮ್ಮನ ಅಳತೆ ಬೇರೆಯೇ ಇತ್ತು. ಅವಳ ಬಳಿ ಒಂದು ಬೆಳ್ಳಿ ಒಳಲೆ ಇತ್ತು. ಒಂದು ಕಡೆ ಕೊಕ್ಕಿನ ಹಾಗೆ ಚೂಪಾದ, ಅಂಗೈಯೊಳಗೆ ಅಡಗುವ ಪುಟ್ಟ ಪಾತ್ರೆ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಕೊಕ್ಕನ್ನು ತುಟಿಯ ಅಂಚಿಗಿಟ್ಟು ಗುಟುಕು ಗುಟುಕಾಗಿ ಬಿಡುತ್ತಿದ್ದಳು. "ಇವತ್ತು ಮೂರು ಒಳಲೆ ಕುಡೀತು" ಎನ್ನುವುದೇ ಅವಳ ವರದಿ. ಮನೆಮನೆಯ ಒಳಲೆ ಬೇರೆ ಬೇರೆ ಗಾತ್ರ, ಆದ್ದರಿಂದ ಆ ಮೂರು ಆಚೆ ಮನೆಯ ಮೂರಕ್ಕೆ ಸಮ ಆಗಬೇಕಿಲ್ಲ. ಯಾರಿಗೂ ಅದರಿಂದ ತೊಂದರೆ ಆಗಲಿಲ್ಲ. ಎಳೆಗೂಸುಗಳ ವಾರ್ಡುಗಳಲ್ಲಿ ಇವತ್ತಿಗೂ ಒಳಲೆಯಂಥ ಪಾತ್ರೆ ಬಳಸುತ್ತಾರೆ. ಸಂದುಗೊಂದಿಲ್ಲ, ಬಾಟಲಿಗಿಂತ ತೊಳೆಯುವುದು ಸುಲಭ. ಅಳುವ ಮಗುವಿನ ಬಾಯಿಗೆ ಸುರಿಯದಿದ್ದರೆ ಆಯಿತು. ಹಾಗೆ ಸುರಿದು ನೆತ್ತಿಗೆ ಹತ್ತಿಸಿದವರೂ ಇದ್ದಾರೆ.

ಡಬ್ಬಿ ಹಾಲಿಗೆ ನಾನು ಹೊಸಬಳೇನಲ್ಲ. ಈ ಮಗಳು 1988ರಲ್ಲಿ ಹುಟ್ಟಿದಾಗ ನನಗಿದ್ದದ್ದು ಮೂರು ತಿಂಗಳ ಹೆರಿಗೆ ರಜೆ. (ಈಗ ಕಾನೂನು 26 ವಾರ ಕೊಡುತ್ತದೆ, ಅದೂ 2017ರಿಂದ.) ರಜೆ ಮುಗಿದ ಮೇಲೆ ಹಗಲೆಲ್ಲ ಮಗಳು ಅತ್ತೆಯ ಕೈಯಲ್ಲಿ, ಡಬ್ಬಿಯ ಹಾಲಿನಲ್ಲಿ. ಅತ್ತೆ ಎಷ್ಟು ಪುಡಿಗೆ ಎಷ್ಟು ನೀರು ಹಾಕುತ್ತಿದ್ದರೋ ನಾನು ಕೇಳಲಿಲ್ಲ. ಅತ್ತೆಯನ್ನು ಅಂಥ ಪ್ರಶ್ನೆ ಕೇಳುವ ಕಾಲವೂ ಅದಲ್ಲ. ಡಬ್ಬಿ ಮುಗಿದ ದಿನ ಆಕಳ ಹಾಲಿಗೆ ಅರ್ಧ ನೀರು ಬೆರೆಸಿ ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಿದ್ದರು. ವರ್ಷ ತುಂಬುವವರೆಗೆ ಅದನ್ನು ಕುಡಿಯುವ ಹಾಲಾಗಿ ಕೊಡಬೇಡಿ ಎನ್ನುತ್ತಾರೆ ಈಗ. ತಾಯಿಹಾಲಿಗೆ ಹೋಲಿಸಿದರೆ ಆಕಳ ಹಾಲಿನಲ್ಲಿ ಪ್ರೋಟೀನು ಮೂರು ಪಾಲು, ಲವಣವೂ ಹೆಚ್ಚು. ಆಕಳು ಹಾಲು ಕೊಡುವುದು ಕರುವಿಗೆ ತಾನೇ.

ಎಮ್ಮೆ ಹಾಲು ಇನ್ನೂ ಭಾರ. ಅಂಥ ಎಮ್ಮೆ ಹಾಲನ್ನೇ ಮಗುವಿಗೆ ಜೀರ್ಣವಾಗುವ ಪುಡಿಯಾಗಿ ಮಾಡುವ ವಿಧಾನ ಕಂಡುಹಿಡಿದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1950ರ ದಶಕದಲ್ಲಿ. ಅದನ್ನು ಡಬ್ಬಿಗೆ ತುಂಬಿ ದೇಶಕ್ಕೆ ಹಂಚಿದ್ದು ಗುಜರಾತಿನ ಅಮುಲ್. ಸಿಎಫ್‌ಟಿಆರ್‌ಐ ಇರುವುದು ಚೆಲುವಾಂಬ ಮ್ಯಾನ್ಷನ್‌ನಲ್ಲಿ, ನನ್ನ ಮಗಳು ಹುಟ್ಟಿದ್ದು ಚೆಲುವಾಂಬ ಆಸ್ಪತ್ರೆಯಲ್ಲಿ. ಒಂದೇ ಹೆಸರು. ಒಂದು ಕಡೆ ಮಕ್ಕಳು ಎದೆಹಾಲಿಗೆ ಬಾಯಿ ತೆರೆದವು, ಇನ್ನೊಂದು ಕಡೆ ಎದೆಹಾಲು ಸಿಗದ ಮಕ್ಕಳಿಗೆ ದಾರಿ ಹುಡುಕಿದರು. ಆ ಕಟ್ಟಡದ ಮುಂದೆ ಎಷ್ಟು ಸಲ ಓಡಾಡಿದ್ದೇನೋ, ಇದು ತಲೆಗೆ ಹೋಗಲು ಮೊಮ್ಮಗಳೇ ಬರಬೇಕಾಯಿತು.

ಆಗಿನ ಡಬ್ಬಿಗಳ ಮೇಲೆ ದುಂಡು ಕೆನ್ನೆಯ ಮಗುವೊಂದು ನಗುತ್ತಿತ್ತು. ಗುಂಡುಗುಂಡಾದ ಮಗುವನ್ನು ಕಂಡರೆ ಜನ 'ಗ್ಲಾಕ್ಸೋ ಬೇಬಿ' ಎನ್ನುತ್ತಿದ್ದರು. ಈಗಿನ ಡಬ್ಬಿಯ ಮೇಲೆ ಮಗುವೂ ಇಲ್ಲ, ತಾಯಿಯೂ ಇಲ್ಲ. 1992ರ ಕಾಯಿದೆ ಆ ಚಿತ್ರವನ್ನು ಅಳಿಸಿತು, ಜಾಹೀರಾತನ್ನೂ ನಿಲ್ಲಿಸಿತು. ಅದು ಸರಿಯೇ. ಬಡದೇಶಗಳಲ್ಲಿ ಪುಡಿ ಮಾರುವವರು ತಾಯಂದಿರನ್ನು ಮರುಳು ಮಾಡಿ, ಅವರು ದುಬಾರಿ ಡಬ್ಬಿಯನ್ನು ಹೆಚ್ಚು ದಿನ ಬರಿಸಲು ಕೊಳಕು ನೀರಿನಲ್ಲಿ ತೆಳ್ಳಗೆ ಕಲಸಿ, ಮಕ್ಕಳು ಸೊರಗಿ ಸತ್ತ ಕಥೆಯ ಹಿನ್ನೆಲೆ ಅದಕ್ಕಿದೆ. ಇಂಥ ಮಾರಾಟಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆ 1981ರಲ್ಲೇ ಬಂತು. ಮತಕ್ಕೆ ಹಾಕಿದಾಗ ಪರವಾಗಿ 118, ವಿರೋಧವಾಗಿ ಒಂದೇ ಒಂದು, ಅಮೆರಿಕದ್ದು.

ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೂ ಅದೇ ಕಾಯಿದೆ. ಸತ್ಯವಾದ ಮಾತು. ನನ್ನ ಮಗಳು ದಿನಕ್ಕೆ ಎಂಟು ಸಲ ಡಬ್ಬಿ ತೆರೆಯುತ್ತಿದ್ದಳು, ಎಂಟು ಸಲವೂ ಅದನ್ನು ಓದುತ್ತಿದ್ದಳು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದವಳನ್ನು ಒಮ್ಮೆ ಕಂಡೆ. ಮರುದಿನ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ 'ನೀರು ಮೊದಲು' ಎಂದು ಬರೆದೆ. ಕಾನೂನು ಮೀರಿದೆನೋ ಏನೋ. ಆದರೆ ಮಗು ನೋಡಲು ಬಂದವರ ಬಾಯಿಗೆ ಅಂಟಿಸುವ ಕಾಗದ ಎಲ್ಲಿದೆ? "ಅಯ್ಯೋ, ಎದೆಹಾಲಿಲ್ವಾ? ನಮ್ಮ ಕಾಲದಲ್ಲಿ ಅವಳಿಜವಳಿಗೂ ಸಾಲ್ತಿತ್ತು" ಎನ್ನುತ್ತಲೇ ಕಾಫಿ ಲೋಟ ಎತ್ತುವವರು. ಅಂಥ ಒಬ್ಬರಿಗೆ ಎರಡನೆಯ ಲೋಟ ನಾನು ಕೊಡಲಿಲ್ಲ.

ಒಂದು ಮಂಗಳವಾರ ನಾನು ಬ್ಯಾಂಕಿಗೆ ಹೋಗಿದ್ದೆ. ಮಗುವಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿ ಅಂದು ಮಗಳ ಮೇಲಿನ ಅಕ್ಕರೆಗೆ ತಾನೇ ಹಾಲು ಕಲಸಿದ್ದಾಳೆ, 60 ನೀರಿಗೆ ತಲೆತಟ್ಟಿ ತುಂಬಿದ ಮೂರು ಚಮಚ. ಸಂಜೆಯ ಸ್ನಾನದ ಹೊತ್ತಿಗೂ ಅದೇ. "ನೀರ್‌ನೀರು ಕುಡುದ್ರೆ ಮಗ ಗಟ್ಟಿ ಆಗದು ಯಾವಾಗವ್ವ?" ಎಂಬುದು ಅವಳ ನ್ಯಾಯ. ಎರಡು ದಿನ ಮಗು ಕಕ್ಕಸು ಮಾಡದೆ ಮುಕ್ಕಿ ಮುಕ್ಕಿ ಕೆಂಪಾಯಿತು. ಎಳೆಯ ಮೂತ್ರಪಿಂಡಕ್ಕೆ ಅಷ್ಟು ಗಟ್ಟಿ ಹಾಲಿನ ಲವಣ ಹೊರಹಾಕಲು ನೀರೇ ಸಾಲದು. ಕೆಲವು ವಾರದ ಮೇಲೆ ಅಳಿಯ ಬೆಂಗಳೂರಿನಿಂದ ಬಂದ ರಾತ್ರಿ ಇದರ ಉಲ್ಟಾ ನಡೆಯಿತು. ಡಬ್ಬಿಯ ತಳದಲ್ಲಿ ಉಳಿದದ್ದು ಎರಡೇ ಚಮಚ, ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದೊಂದು ಚಮಚಕ್ಕೆ 60 ನೀರು ಹಾಕಿದರೆ ಬೆಳಗಿನವರೆಗೆ ಎರಡು ಸಲ ಆಗುತ್ತದಲ್ಲ ಎಂದು ಇಂಜಿನಿಯರ್ ಬುದ್ಧಿ ಓಡಿಸಿದ್ದರು. ನಾನು ಬಾಟಲಿಯನ್ನು ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ಹಾಗೆ ತೆಳ್ಳಗೆ ಕೊಡುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಆ ರಾತ್ರಿ ಹನ್ನೊಂದೂವರೆಗೆ ಅವರು ಸ್ಕೂಟರ್ ಹತ್ತಿ ಆಸ್ಪತ್ರೆಯೊಂದರ ಮುಂದಿನ ಔಷಧಿ ಅಂಗಡಿ ಹುಡುಕಿಕೊಂಡು ಹೋದರು. ಅಳಿಯನಿಗೆ ಅಷ್ಟು ಜೋರು ಮಾಡಬಾರದಿತ್ತು, ಮಾಡಿದ್ದಕ್ಕೆ ಬೇಸರವೂ ಇಲ್ಲ.

ಅಳತೆ ಪುಡಿಗೆ, ನೀರಿಗೆ. ಅಲ್ಲಿ ಒಂದು ಚಮಚ ಎಂದರೆ ಚಾಕುವಿನ ಬೆನ್ನಿನಿಂದ ಸವರಿದ ಒಂದೇ ಚಮಚ, ನಾನು ಅಳಿಯನಿಗೂ ಬಿಡೆನು, ಅಜ್ಜಿಗೂ ಬಿಡೆನು. ಕುಡಿಯುವ ಹೊಟ್ಟೆಗೆ ಆ ಅಳತೆ ಇಲ್ಲ. ನಾನು ಮಾಡಿದ್ದು ತಿರುವುಮುರುವು. ಮೂರು ಹೊತ್ತೂ ಹಸಿವು ಒಂದೇ ಸಮ ಇರುವವರು ನಮ್ಮಲ್ಲಿ ಯಾರಿದ್ದಾರೆ? ನನಗೇ ಏಕಾದಶಿಯ ಮರುದಿನ ಎರಡು ದೋಸೆ ಹೆಚ್ಚು ಬೇಕು.

ಇಷ್ಟಾದರೂ ಒಂದು ಸಂಕಟ ಉಳಿಯಿತು. ಮಗು ಬಿಟ್ಟ ಹಾಲನ್ನು ಮತ್ತೆ ಕೊಡುವಂತಿಲ್ಲ, ಎಂಜಲು ಬೆರೆತ ಹಾಲು ಬೇಗ ಕೆಡುತ್ತದೆ. ಕಲಸಿಟ್ಟದ್ದು ಮುಟ್ಟದಿದ್ದರೂ ಹೊರಗಿಟ್ಟರೆ ಎರಡು ಗಂಟೆಯಷ್ಟೇ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಕೈ ಮುಗಿಯುವ ಜನ ನಾವು, ಹಾಲನ್ನು ಬಚ್ಚಲಿಗೆ ಚೆಲ್ಲುವುದು ಹೇಗೆ? ಕೊನೆಗೆ ಹುಳಿ ಮಜ್ಜಿಗೆ ಕುಡಿದು ಅಭ್ಯಾಸವಿರುವ ಹಿತ್ತಲ ಕರಿಬೇವಿನ ಗಿಡಕ್ಕೆ ಸುರಿಯತೊಡಗಿದೆ. ಉಳಿದದ್ದನ್ನು ಬಲವಂತವಾಗಿ ತುರುಕುವುದು ಆ ದಿನದಿಂದ ನಿಂತಿತು. ಗಿಡಕ್ಕೆ ಹೋದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಅರವತ್ತೆರಡನೆಯ ಪುಟದಿಂದಾಚೆಗೆ ಅದು ಖಾಲಿ, ಈಗ ಹಾಲಿನವನ ಲೆಕ್ಕಕ್ಕೆ ಬಳಸುತ್ತಿದ್ದೇನೆ.

ಹೋದ ವಾರ ಆರು ತಿಂಗಳು ತುಂಬಿತು, 7.1 ಕಿಲೋ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಸರಿ ಹಿಟ್ಟನ್ನು ಖಾಲಿ ಡಬ್ಬಿಯೊಂದಕ್ಕೆ ತುಂಬಿಟ್ಟಿದ್ದೇನೆ. "ಇದಕ್ಕೆ ಎಷ್ಟಕ್ಕೆಷ್ಟು ಅಮ್ಮ?" ಎಂದು ಮಗಳು ಫೋನಿನಲ್ಲಿ ಬರೆದುಕೊಳ್ಳಲು ಸಿದ್ಧವಾಗಿ ನಿಂತಳು. ಕಣ್ಣಳತೆ ಎಂದೆ.