ಮುದಿ ಅತಿಥಿ

ಪ್ರಾಣಿದಯೆಯ ಮಾತನ್ನು ನಾವು ಬಾಯಲ್ಲಿ ಆಡಿದ್ದೇ ಹೆಚ್ಚು. ಮಗ ಪುಣೆಯ ಪ್ರಾಣಿ ಆಶ್ರಯದಿಂದ ಏಳು ವರ್ಷದ ಬುಲ್‌ಡಾಗ್ ನಾಯಿಯನ್ನು ಸೊಲ್ಲಾಪುರದ ಮನೆಗೆ ತಂದಾಗ ಸಿಟ್ಟಾದೆವು. ಈ ತಳಿಯ ಆಯುಷ್ಯ ಎಂಟು-ಹತ್ತು ವರ್ಷ. ವ್ಯಾಪಾರಿಯ ಲೆಕ್ಕಕ್ಕೆ ಬರೀ ನಷ್ಟ.

"ಅಪ್ಪಾ, ಮುದಿ ಆಗೇದಂತ ಯಾರೂ ಒಯ್ಯಲಿಲ್ಲ" ಎಂದ. ಅರವತ್ತಾರರ ನಮಗೆ ಆ ಮಾತು ನಾಟಿತು.

ಇಂಗ್ಲೆಂಡಿನಲ್ಲಿ ಇದರ ಪೂರ್ವಜರನ್ನು ಗೂಳಿಯ ಮೇಲೆ ಬಿಟ್ಟು ಮೋಜು ನೋಡುತ್ತಿದ್ದರಂತೆ. 1835ರ ಕಾಯದೆ ಅದನ್ನು ನಿಲ್ಲಿಸಿತು. ನಮ್ಮದು ಸಾಧು. ಮೊಂಡು ಮೂಗಿನಿಂದಾಗಿ ಸೆಕೆ ತಡೆಯದು, ಏದುಸಿರು ಬಿಡುತ್ತದೆ. ಬೇಸಿಗೆಯಲ್ಲಿ ಹೊತ್ತು ಮೂಡುವ ಮುನ್ನವೇ ತಿರುಗಾಡಿಸಿ, ಮುಖದ ಮಡಿಕೆಗಳನ್ನು ಒರೆಸಿ, ಅಂಗಡಿಯ ಫ್ಯಾನಿನ ಕೆಳಗೆ ಮಲಗಿಸುತ್ತೇವೆ.

"ಸಾವಕಾರ್ರ, ಈ ನಾಯಿ ಏನು ಕಾಯ್ತದರಿ?" ಎಂದು ಗಿರಾಕಿಗಳು ಕೇಳುತ್ತಾರೆ.

"ಏನೂ ಇಲ್ಲ. ಇದನ್ನ ನಾವ ಕಾಯ್ತೀವಿ" ಎನ್ನುತ್ತೇವೆ.